ಇರಿಟ್ಟಿಯಿಂದ ತಂದ ಪೆಟ್ಟಿಗೆ

ರೆಕ್ಕೆಗೆ ಬಟ್ಟೆ ಬಿಗಿದಾಯಿತು, ಮೂರು ಕೋಟು ಬಣ್ಣವೂ ಆಯಿತು.
ಪಲ್ಪರ್ ಷೆಡ್ಡಿನ ಬಾಗಿಲಲ್ಲಿ ಹಿಡಿಸದೆ
ಗೋಡೆ ಒಡೆದದ್ದೂ ಆಯಿತು.
ಉಳಿದದ್ದು ಪ್ಯಾನೆಲ್ಲಿನಲ್ಲೊಂದು ದುಂಡನೆಯ ತೂತು,
ಅದರಲ್ಲಿ ಕೂರಬೇಕಾದ ಟ್ರಾನ್ಸ್‌ಪಾಂಡರು,
ಮತ್ತು ಡಬ್ಬಿಯಲ್ಲಿ ತೊಂಬತ್ತು ಸಾವಿರ.

ಅದೇನು ಮಾಡುತ್ತೆ, ಅಂದಳು ಭಾಗ್ಯಂ.
ಕೆಳಗಿಂದ ರೇಡಾರು ಕೇಳುತ್ತೆ, ಯಾರದು ಅಂತ.
ಇದು ನಾಲ್ಕಂಕಿ ಹೇಳುತ್ತೆ, ಎಷ್ಟೆತ್ತರ ಅಂತಲೂ.
ಅಷ್ಟೇನಾ?
ಅಷ್ಟೇ.

ಪೊಲ್ಲಿಬೆಟ್ಟದಲ್ಲಿ ಯಾರೇ ಎದುರಾಗಲಿ, ಮೊದಲ ಪ್ರಶ್ನೆ ಅದೇ ತಾನೆ:
ಯಾವ ಮನೆ?
ಪೂಣಚ್ಚನಿಗೆ ಮನೆಹೆಸರಿದೆ. ಹೇಳಿದರೆ ಸಾಕು,
ಅವನ ಅಜ್ಜನ ಕೋವಿಯ ತನಕ ಎದುರಿನವರೇ ಲೆಕ್ಕ ಒಪ್ಪಿಸುತ್ತಾರೆ.
ನಾನು ಎಸ್ಟೇಟಿನ ಲೈನ್‌ಮನೆಯಲ್ಲಿ ಹುಟ್ಟಿದವನು.
ನಾಲ್ಕನೇ ಸಾಲು, ಏಳನೇ ಬಾಗಿಲು, ಅನ್ನುತ್ತಿದ್ದೆ.
ಹಾಂ ಎಂದು ಮಾತನ್ನು
ಕಾಳುಮೆಣಸಿನ ರೇಟಿಗೆ ತಿರುಗಿಸುತ್ತಿದ್ದರು.

ಸಿಗ್ನಲ್ಸಿನಲ್ಲಿದ್ದ ಪೂಣಚ್ಚ ಕಾಗದ ಹಾಸಿ ಕೂತ.
ಹೊಸದಾದರೆ ಎರಡೂವರೆ ಲಕ್ಷ, ಮೇಲೆ ಕಸ್ಟಮ್ಸು.
ಯಾವುದೋ ಕ್ಲಬ್ಬಿನವರು ಕಳಚಿಟ್ಟ ಹಳೆಯದು ಇಪ್ಪತ್ತೆಂಟು ಸಾವಿರ,
ಆದರೆ ಅದಕ್ಕೆ ತನ್ನ ಎತ್ತರ ತನಗೇ ಗೊತ್ತಿಲ್ಲ,
ಹೇಳಿಕೊಡಲು ಪಕ್ಕದಲ್ಲಿ ಇನ್ನೊಂದು ಪೆಟ್ಟಿಗೆ, ಅದರ ದುಡ್ಡು ಬೇರೆ.
ಮತ್ತೆ ಕರೆಂಟು: ನಮ್ಮ ಎಂಜಿನ್ ಕಾಯಿಲು ಕೊಡುವುದನ್ನೆಲ್ಲ
ಇದೊಂದೇ ಕುಡಿದರೆ ರೇಡಿಯೋ ಗಂಟಲೊಣಗಿ ಕೂರುತ್ತೆ.
ಮೂರನೆಯದು ತೀರಾ ಅಗ್ಗ, ಅಂಗಿಯ ಜೇಬಿಗೆ ಹಿಡಿಯುತ್ತೆ,
ಬೇರೆ ವಿಮಾನಗಳ ಮಾತೆಲ್ಲ ಕೇಳಿಸಿಕೊಳ್ಳುತ್ತೆ,
ತಾನು ಬಾಯಿ ಬಿಡಲ್ಲ.
ಅಂಥವರು ನಮ್ಮ ಸೊಸೈಟಿಯಲ್ಲೇ ಬೇಕಾದಷ್ಟಿದ್ದಾರೆ, ಅಂದ ಪೂಣಚ್ಚ.
ಅದಕ್ಕೆ ಗೀಟು ಹಾಕಿದೆವು.

ಹಳೆಯದೇ ಸಾಕು ಅಂದೆ ನಾನು.
ಅವನು ಪಡುವಣ ಗುಡ್ಡದ ಕಡೆ ಕೈ ತೋರಿಸಿದ,
ಕಣ್ಣೂರಿಗೆ ಜೆಟ್ಟೊಂದು ಇಳಿಯುತ್ತಿತ್ತು.
ಅದಕ್ಕೆ ನಾವು ಬಟ್ಟೆ ಸುತ್ತಿದ ಬರೀ ಕೊಳವೆ, ಮಾಣಿಕ್ಯಂ.
ಕೂಗಿ ಹೇಳದಿದ್ದರೆ ಕಾಣೋದೇ ಇಲ್ಲ ಮಾರಾಯ.
ಎರಡು ವಾರ ಮಾತು ಬಿಟ್ಟಿದ್ದೆವು,
ಸ್ಪ್ಯಾನರ್ ಕೊಡು ಅನ್ನುವುದೊಂದನ್ನು ಬಿಟ್ಟು.

ಆಮೇಲೆ ಸಿಕ್ಕಿದ್ದು ಇರಿಟ್ಟಿಯ ಸ್ಕರಿಯಾ.
ಮಾಕುಟ್ಟದ ತಿರುವುಗಳನ್ನೆಲ್ಲ ಇಳಿದು ಹೋದೆವು.
ರಬ್ಬರ್ ಷೀಟು ಒಣಗಿಸುವ ಮಾಡಿನ ಕೆಳಗೆ ಅವನ ವಿಮಾನ,
ಹನ್ನೊಂದು ವರ್ಷದ ಕೆಲಸ, ಒಂದು ಗೇಣೂ ನೆಲ ಬಿಟ್ಟಿಲ್ಲ.
ಕಣ್ಣಿನ ಪೊರೆಯಲ್ಲ, ಹಿಂದಿನ ನರವೇ ಹೋಯಿತಂತೆ.
ಪೆಟ್ಟಿಗೆ ಮಾತ್ರ ಹೊಚ್ಚಹೊಸದು,
ಗಾಜಿನ ಮೇಲಿನ ಪ್ಲಾಸ್ಟಿಕ್ಕೂ ಕಿತ್ತಿರಲಿಲ್ಲ.
ಎಂಬತ್ತೈದು ಅಂದ. ಚೌಕಾಸಿಗೆ ನಾಲಗೆ ಏಳಲಿಲ್ಲ.
ತಡವಿ ತಡವಿ ತಾನೇ ಸ್ಕ್ರೂ ಬಿಚ್ಚಿದ, ನಾಲ್ಕೂ,
ಒಂದನ್ನೂ ಕೆಳಗೆ ಬೀಳಿಸದೆ.

ಪರೀಕ್ಷೆಗೆ ಮೈಸೂರಿನಿಂದ ಬಂದ ಹುಡುಗ ಬಾಲದಾಚೆ ನಿಂತು
ತನ್ನ ಯಂತ್ರದಿಂದ ಕೇಳಿದ: ಯಾರದು?
ಪೆಟ್ಟಿಗೆ ಚುರುಕಾಗಿ ಹೇಳಿತು.
ಅಂಕಿ ಸರಿ, ಎರಡು ಸೊನ್ನೆ ಸೊನ್ನೆ ಸೊನ್ನೆ,
ಯಾರೂ ಏನೂ ಕೊಡದಿದ್ದಾಗ ಇಟ್ಟುಕೊಳ್ಳುವುದು.
ಆ ಲೆಕ್ಕದಲ್ಲಿ ಎಂಟಿಲ್ಲ, ಒಂಬತ್ತಿಲ್ಲ, ಏಳಕ್ಕೇ ಲೋಕ ಮುಗಿಯುತ್ತೆ.
ಎತ್ತರವೂ ಸರಿ, ಎರಡು ಸಾವಿರದ ಒಂಬೈನೂರಡಿ,
ಅಂದರೆ ನಮ್ಮ ಷೆಡ್ಡಿನ ನೆಲ.
ಹೆಸರು ಮಾತ್ರ ಸ್ಕರಿಯಾನ ವಿಮಾನದ್ದು,
ಒಳಗೆ ಬರೆದಿಟ್ಟ, ಒಂದು ವಿಮಾನಕ್ಕೊಂದೇ ಆದ ಉದ್ದನೆಯ ಗುರುತು.

ಅಳಿಸಿ ನಿಮ್ಮದು ಹಾಕ್ಲಾ ಸಾರ್, ಅಂದ ಹುಡುಗ.
ನಮ್ಮದು ದಿಲ್ಲಿಯ ಕಾಗದದಲ್ಲಿತ್ತು,
ನಾಲ್ಕು ಮಡಿಕೆಯಾಗಿ ನನ್ನ ಜೇಬಲ್ಲಿ.
ತಡಿ ಅಂದೆ.
ಫೋನು ಮಾಡಿದೆ.
ನಿಮ್ಮದು ಈಗ ಎರಡು ಸಾವಿರದ ಒಂಬೈನೂರಡಿಯಲ್ಲಿದೆ, ಅಂದೆ.
ಅವನು ಅದನ್ನು ಮಲಯಾಳದಲ್ಲಿ ಯಾರಿಗೋ ಜೋರಾಗಿ ಹೇಳಿದ.
ಟಿವಿ ಆರಿಸಿದ್ದು ಕೇಳಿಸಿತು.
ಆಮೇಲೆ ಕೇಳಿದ, ಗಾಳಿ ಹೇಗಿದೆ?

ಷೆಡ್ಡಿನ ಹೊರಗೆ ಒಂದೆಲೆಯೂ ಅಲುಗುತ್ತಿರಲಿಲ್ಲ.
ಪಡುವಣದಿಂದ, ಅಂದೆ, ನಿಮ್ಮ ಕಡೆಯಿಂದಲೇ.